ಹದಿನೆಂಟು ತುಂಬಿದ್ದು ಯಾವಾಗ?

ಎಡ್ಮಂಟನ್, ಜನವರಿ. ಹೊರಗೆ ಮೈನಸ್ 27. ಮೊಮ್ಮಗ ಟೀವಿಯ ಐಸ್ ಹಾಕಿ ಲೀಗ್ ಪಂದ್ಯದಿಂದ ಕಣ್ಣು ಕೀಳದೆ, "ಅಜ್ಜಾ, ಇಪ್ಪತ್ತು ತುಂಬೋದ್ರೊಳಗೆ ಎನ್‌ಎಚ್‌ಎಲ್‌ನಲ್ಲಿ ಒಂದೇ ಸೀಸನ್ನಿಗೆ ನೂರು ಪಾಯಿಂಟ್ ತೆಗೆಯೋದು ತುಂಬಾ ಅಪರೂಪ" ಅಂದ. ಎಷ್ಟು ಅಪರೂಪ? "ತುಂಬಾ!" ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಜರ್ ತಾಳೆ ನೋಡಿದವನಿಗೆ 'ತುಂಬಾ' ಒಂದು ಅಂಕಿಯಲ್ಲ. ಹಳೇ ಡೈರಿ ತೆಗೆದೆ.

*

ಮೊದಲಿಗೆ ಈ ಪಾಯಿಂಟೇ ತಲೆಗೆ ಹತ್ತಲಿಲ್ಲ. ಮಡಿಕೇರಿಯ ಹಾಕಿಯಲ್ಲಿ ನಾವು ಗೋಲು ಹೊಡೆದವನ ಹೆಸರು ಬರೆದುಕೊಂಡರೆ ಮುಗಿಯಿತು. ಇಲ್ಲಿ ಹೊಡೆದವನಿಗೊಂದು, ಅವನಿಗೆ ಪಕ್ (ಇಲ್ಲಿ ಚೆಂಡಿನ ಬದಲು ಬಿಲ್ಲೆ) ಕೊಟ್ಟವನಿಗೊಂದು, ಕೊಟ್ಟವನಿಗೆ ಕೊಟ್ಟವನಿಗೂ ಒಂದು. ಒಂದೇ ಗೋಲಿಗೆ ಮೂವರ ಖಾತೆಗೆ ಜಮೆ! ನನ್ನ ಕಾಲದಲ್ಲಿ ಹೀಗಿದ್ದಿದ್ದರೆ ನಾನೂ ಒಂದೆರಡು ಪಾಯಿಂಟ್ ಗಳಿಸಿರುತ್ತಿದ್ದೆ.

*

ಸಿಕ್ಕ ಹೆಸರುಗಳು. ವೇಯ್ನ್ ಗ್ರೆಟ್ಸ್‌ಕಿ, 1979-80ರಲ್ಲಿ 137. ಇದರಲ್ಲಿ 51 ಗೋಲು, ಮಿಕ್ಕ 86 ಅಸಿಸ್ಟ್, ಅಂದರೆ ಪಕ್ ಕೊಟ್ಟದ್ದಕ್ಕೆ ಸಿಕ್ಕವು. ಡೇಲ್ ಹಾವರ್ಚಕ್, 1981-82ರಲ್ಲಿ 103. ಮಾರಿಯೊ ಲೆಮ್ಯೂ, 1984-85ರಲ್ಲಿ ಸರಿಯಾಗಿ 100. ಜಿಮ್ಮಿ ಕಾರ್ಸನ್, 1987-88ರಲ್ಲಿ 107. ಸಿಡ್ನಿ ಕ್ರಾಸ್ಬಿ, 2005-06ರಲ್ಲಿ 102, ಮಾರನೇ ವರ್ಷ 120.

ಮೊದಲ ನಾಲ್ವರು ಒಂಬತ್ತೇ ವರ್ಷದೊಳಗೆ. ಆಮೇಲೆ ಹದಿನೆಂಟು ವರ್ಷದ ಬರ. ಹುಡುಗರು ಒಮ್ಮೆಲೇ ದಡ್ಡರಾಗಿಬಿಟ್ಟರೇ?

*

ಇಲ್ಲ, ಗೋಲಿನ ಬೆಲೆ ಬದಲಾಗಿದೆ. 1981-82ರಲ್ಲಿ ಒಂದು ಪಂದ್ಯಕ್ಕೆ ಎರಡೂ ತಂಡ ಸೇರಿ ಸರಾಸರಿ ಎಂಟು ಗೋಲು. 2003-04ಕ್ಕೆ ಅದು ಐದರ ಆಸುಪಾಸಿಗೆ ಇಳಿದಿತ್ತು. ಮುಂದಿನ ಸೀಸನ್ ಮಾಲೀಕರು-ಆಟಗಾರರ ಜಗಳದಲ್ಲಿ ಪೂರ್ತಿ ರದ್ದು. 2005ರಲ್ಲಿ ನಿಯಮ ತಿದ್ದಿ, ಎದುರಾಳಿಯನ್ನು ಹಿಡಿದೆಳೆಯುವುದಕ್ಕೆ ಕಡಿವಾಣ ಹಾಕಿದ ಮೇಲೆ ಆರು ದಾಟಿತು. ಹಾವರ್ಚಕ್‌ನ 103ನ್ನು ಆರು ಗೋಲಿನ ಕಾಲಕ್ಕೆ ತಂದರೆ ಬರುವುದು ಸುಮಾರು 77. ಅಂದಿನ ಸಂಬಳವನ್ನು ಇಂದಿನ ರೂಪಾಯಿಗೆ ತಂದ ಹಾಗೆ. ಮೊಮ್ಮಗನಿಗೆ ಹೇಳಿದೆ. "ಅವರು ಆಗ ಗೋಲು ಹೊಡೆದದ್ದು ನಿಜ ತಾನೇ ಅಜ್ಜಾ?" ಅಂದ. ಅದೂ ಸರಿಯೇ.

*

ಎಷ್ಟು ಅಪರೂಪ ಎಂಬ ಭಿನ್ನರಾಶಿಯ ಮೇಲಿನ ಅಂಕಿ ಸಿಕ್ಕಿತು. ಭಾಗಿಸಬೇಕಾದದ್ದು ಯಾವುದರಿಂದ? ಇದೇ ಕಗ್ಗಂಟು. ಲೀಗು ಹದಿನೆಂಟರ ಹುಡುಗರಿಗೆ ಡ್ರಾಫ್ಟ್ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದು) ಬಾಗಿಲು ಸಲೀಸಾಗಿ ತೆರೆದದ್ದೇ 1980ರಲ್ಲಿ. ಇವತ್ತಿಗೂ ಬಹುಪಾಲು ಹುಡುಗರು ಹಾಗೇ ಜೂನಿಯರ್ ತಂಡಕ್ಕೆ ವಾಪಸ್. ಹತ್ತನೇ ಪಂದ್ಯ ಆಡಿಸಿದರೆ ಕರಾರಿನ ಒಂದು ವರ್ಷ ಖರ್ಚು, ಹಾಗಾಗಿ ಒಂಬತ್ತು ಆಡಿಸಿ ನೋಡಿ ಕಳಿಸುವವರೂ ಉಂಟು. ಉಳಿದುಕೊಂಡವನು ಆಗಲೇ ಜರಡಿಯಲ್ಲಿ ನಿಂತ ಕಾಳು. ಆ ಕಾಳುಗಳಲ್ಲಿ ಎಷ್ಟು ದಪ್ಪ ಎಂದು ಎಣಿಸಿ, ಇಡೀ ಗದ್ದೆಯ ಬೆಳೆಯ ಬಗ್ಗೆ ಮಾತಾಡುವುದು ಹೇಗೆ?

ಜರಡಿಯನ್ನೂ ನಂಬುವ ಹಾಗಿಲ್ಲ. ಜೋ ಥಾರ್ನ್‌ಟನ್ 1997ರ ಡ್ರಾಫ್ಟಿನಲ್ಲಿ ಮೊದಲನೆಯವನು. ಮೊದಲ ಸೀಸನ್ನಿನ 55 ಪಂದ್ಯಗಳಲ್ಲಿ 7 ಪಾಯಿಂಟ್. ಏಳೇ. ವೃತ್ತಿ ಮುಗಿಸುವಾಗ ಅವನ ಖಾತೆಯಲ್ಲಿ 1,539. ಕಾರ್ಸನ್‌ನದು ತಿರುಗುಮುರುಗು: ಹತ್ತೊಂಬತ್ತಕ್ಕೆ ಒಂದೇ ಸೀಸನ್ನಿನಲ್ಲಿ 107, ಜೀವಮಾನದಲ್ಲಿ 561.  

*

ವಯಸ್ಸಿನ ಗೆರೆ ಇನ್ನೊಂದು ತಲೆನೋವು. ಕ್ರಾಸ್ಬಿ ಆಗಸ್ಟಿನಲ್ಲಿ ಹುಟ್ಟಿದವನು, ಎರಡನೇ ಸೀಸನ್ ಮುಗಿದರೂ ಹತ್ತೊಂಬತ್ತು. ಕಾನರ್ ಮೆಕ್‌ಡೇವಿಡ್ 2016-17ರಲ್ಲಿ 100 ತೆಗೆದ, ಆ ವರ್ಷ ಲೀಗಿನಲ್ಲಿ ನೂರು ಮುಟ್ಟಿದವನು ಅವನೊಬ್ಬನೇ. ಆದರೆ ಜನವರಿ 13ಕ್ಕೆ ಇಪ್ಪತ್ತು ತುಂಬಿತು. ಅವನನ್ನು ಪಟ್ಟಿಗೆ ಸೇರಿಸಬೇಕೋ, ಅರ್ಧ ಸೇರಿಸಬೇಕೋ?

ಅಲೆಕ್ಸಾಂಡರ್ ಒವೆಚ್ಕಿನ್‌ನದಂತೂ ಕರ್ಮ. ಹುಟ್ಟಿದ್ದು 1985ರ ಸೆಪ್ಟೆಂಬರ್ 17. 2003ರ ಡ್ರಾಫ್ಟಿಗೆ ಬರಲು ಆ ಸೆಪ್ಟೆಂಬರ್ 15ರೊಳಗೆ ಹದಿನೆಂಟು ತುಂಬಬೇಕು. ಎರಡೇ ದಿನ ಕಡಿಮೆ! ಒಂದು ವರ್ಷ ಹೋಯಿತು. ಮಾರನೇ ವರ್ಷ ಆಯ್ಕೆಯಾದರೆ ಸೀಸನ್ನೇ ರದ್ದು. ಕೊನೆಗೆ 2005-06ರಲ್ಲಿ ಬಂದು 106 ತೆಗೆದ, ಕ್ರಾಸ್ಬಿಗಿಂತ ನಾಲ್ಕು ಹೆಚ್ಚು. ಆದರೆ ಆ ಸೀಸನ್ ಶುರುವಾದಾಗಲೇ ಇಪ್ಪತ್ತು ತುಂಬಿತ್ತು, ತುಂಬಿ ಮೂರು ವಾರವೂ ಆಗಿರಲಿಲ್ಲ. ಪಟ್ಟಿಯಿಂದ ಹೊರಗೆ.

2003ರಲ್ಲೇ ಫ್ಲಾರಿಡಾ ತಂಡದವರು ಅವನನ್ನು ಆರಿಸಿಕೊಳ್ಳಲು ಒಂದು ವಾದ ಹೂಡಿದ್ದರು: ಹುಡುಗ ನಾಲ್ಕು ಫೆಬ್ರವರಿ 29 ಕಂಡಿದ್ದಾನೆ, ಆ ದಿನಗಳನ್ನೂ ಲೆಕ್ಕಕ್ಕೆ ಹಿಡಿದರೆ ಹದಿನೆಂಟು ತುಂಬಿದೆ. ಲೀಗು ಒಪ್ಪಲಿಲ್ಲ.

ರಾತ್ರಿ ನಿದ್ದೆ ಬಾರದೆ ತಿಥಿ ಹಾಕಿ ನೋಡಿದೆ. ಒವೆಚ್ಕಿನ್ ಹುಟ್ಟಿದ್ದು ಗೌರಿ-ಗಣೇಶ ಹಬ್ಬದ ಹೊತ್ತಿಗೆ. 2003ರಲ್ಲಿ ಗಣೇಶ ಬಂದದ್ದು ಆಗಸ್ಟ್ 31ಕ್ಕೇ. ಗಡುವಿಗೆ ಇನ್ನೂ ಎರಡು ವಾರ ಇರುವಾಗಲೇ, ನಮ್ಮ ಒಂಟಿಕೊಪ್ಪಲ್ ಪಂಚಾಂಗದ ಪ್ರಕಾರ, ಹುಡುಗನಿಗೆ ಹದಿನೆಂಟು ತುಂಬಿತ್ತು.