ಹೆಲ್ಸಿಂಕಿಯಿಂದ ಟೋಕಿಯೋಗೆ ಎಷ್ಟು ದೂರ?

ಫಿನ್‌ಲ್ಯಾಂಡಿನ ರಾಜಧಾನಿ ಹೆಲ್ಸಿಂಕಿಗೂ ಜಪಾನಿನ ರಾಜಧಾನಿ ಟೋಕಿಯೋಗೂ ನಡುವಣ ಅಂತರ ಸುಮಾರು 7,800 ಕಿಲೋಮೀಟರ್. ಒಂದು ಯುರೋಪಿನ ಉತ್ತರದಲ್ಲಿದೆ, ಇನ್ನೊಂದು ಏಷ್ಯಾಖಂಡದ ಪೂರ್ವದ ಅಂಚಿನಲ್ಲಿ. ಹಾಗಿದ್ದರೂ ಈ ಎರಡು ನಾಡುಗಳ ನಡುವೆ ಇರುವುದು ರಷ್ಯ ಎಂಬ ಒಂದೇ ದೇಶವೆಂದರೆ ವಾಚಕರಿಗೆ ಅಚ್ಚರಿಯಾದೀತು. ಮಕ್ಕಳ ಭೂಗೋಳವೊಂದು ಮನೆಯಲ್ಲಿದ್ದರೆ ಈ ಎರಡು ಊರುಗಳ ನಡುವೆ ಒಂದು ನೂಲನ್ನು ಬಿಗಿಯಾಗಿ ಎಳೆದು ಹಿಡಿದು ನೋಡಿರಿ. ಗೋಡೆಯ ಮೇಲಿನ ಪಟವನ್ನು ಕಂಡು ನಾವು ಊಹಿಸುವಂತೆ ಆ ನೂಲು ಪೂರ್ವಾಭಿಮುಖವಾಗಿ ಸಾಗುವುದಿಲ್ಲ. ಉತ್ತರಕ್ಕೆ ಬಾಗಿ, ಸೈಬೀರಿಯದ ಹಿಮರಾಶಿಯನ್ನು ದಾಟಿ, ಮತ್ತೆ ದಕ್ಷಿಣಕ್ಕಿಳಿಯುತ್ತದೆ. ಹತ್ತಿರದ ದಾರಿ ಅದೇ. ಆ ದಾರಿಯಲ್ಲಿ ವಿಮಾನಕ್ಕೆ ಒಂಬತ್ತೂವರೆ ಗಂಟೆ ಸಾಕು.

ಆದರೆ ನೆಲ ಯಾರದೋ ಅದರ ಮೇಲಣ ಆಕಾಶವೂ ಅವರದೇ. 1944ರ ಚಿಕಾಗೋ ಒಪ್ಪಂದದ ಮೊದಲನೆಯ ವಿಧಿಯೇ ಇದು. ಸೋವಿಯತ್ ಒಕ್ಕೂಟವು ತನ್ನ ಆಕಾಶವನ್ನು ಮುಚ್ಚಿಟ್ಟಿದ್ದ ಕಾಲದಲ್ಲಿ, ಅಂದರೆ 1957ರಲ್ಲಿ, ಸ್ಕ್ಯಾಂಡಿನೇವಿಯನ್ ವಿಮಾನ ಸಂಸ್ಥೆಯು ಕೋಪನ್‌ಹೇಗನ್ನಿನಿಂದ ಧ್ರುವಮಾರ್ಗವಾಗಿ ಟೋಕಿಯೋಗೆ ಸಂಚಾರವನ್ನಾರಂಭಿಸಿತು. ನಡುವೆ ಅಲಾಸ್ಕದ ಆಂಕರೇಜಿನಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕಾಗಿತ್ತು. 1983ರಲ್ಲಿ ಫಿನ್‌ಏರ್ ಸಂಸ್ಥೆಯ ಡಿ.ಸಿ.-10 ವಿಮಾನವು ಎಲ್ಲಿಯೂ ಇಳಿಯದೆ ಉತ್ತರಧ್ರುವವನ್ನು ಬಳಸಿ ಸುಮಾರು 13 ಗಂಟೆಗಳಲ್ಲಿ ಟೋಕಿಯೋ ಸೇರಿತು. ಮುಂದೆ ಸೈಬೀರಿಯದ ಬಾಗಿಲು ತೆರೆಯಿತು, ಪ್ರಯಾಣ ಕಿರಿದಾಯಿತು, ಹೆಲ್ಸಿಂಕಿಯು ಪೂರ್ವ ಪಶ್ಚಿಮಗಳ ಕೂಡುದಾರಿಯಾಗಿ ಬೆಳೆಯಿತು.

2022ರ ಫೆಬ್ರವರಿಯಲ್ಲಿ ಉಕ್ರೇನಿನ ಯುದ್ಧ ತೊಡಗಿದೊಡನೆ ಯುರೋಪಿನ ದೇಶಗಳು ರಷ್ಯದ ವಿಮಾನಗಳಿಗೂ, ರಷ್ಯವು ಅವುಗಳ ವಿಮಾನಗಳಿಗೂ ಆಕಾಶವನ್ನು ಮುಚ್ಚಿದುವು. ಎರಡು ವಾರ ಕಳೆಯುವ ಮೊದಲೇ ಫಿನ್‌ಏರಿನ ವಿಮಾನ ಮತ್ತೆ ಧ್ರುವದತ್ತ ತಿರುಗಿತು. ನಾರ್ವೆ, ಉತ್ತರಧ್ರುವ, ಅಲಾಸ್ಕ ಎಂಬುದೊಂದು ದಾರಿ. ತುರ್ಕಿ, ಕಜಕಸ್ತಾನ, ಚೀನಗಳ ಮೇಲಿನದು ಇನ್ನೊಂದು. ಯಾವುದು ಲೇಸೆಂಬುದನ್ನು ಅಂದಂದಿನ ಗಾಳಿಯನ್ನು ನೋಡಿ ನಿರ್ಧರಿಸಬೇಕು. ಎರಡರಲ್ಲಿಯೂ ಸುಮಾರು 13 ಗಂಟೆ! ನಾಲ್ಕು ದಶಕಗಳ ಯಂತ್ರಕೌಶಲವೆಲ್ಲ ಗಳಿಸಿದ್ದ ವೇಳೆಯನ್ನು ಒಂದು ಆಜ್ಞೆ ಹಿಂದಕ್ಕೆ ತೆಗೆದುಕೊಂಡಿತು.

ಗಡಿನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಸರಗೋಡಿನಿಂದ ಮಂಗಳೂರಿಗೆ 50 ಕಿಲೋಮೀಟರ್. 1956ರಲ್ಲಿ ರಾಜ್ಯಗಳು ಬೇರೆಯಾದ ಮೇಲೂ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಿ ಸಂಜೆಗೆ ಮರಳುವ ದಾರಿ. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ಭಯದಿಂದ ತಲಪಾಡಿಯ ಗಡಿಯನ್ನು ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದಾಗ, ಅದೇ 50 ಕಿಲೋಮೀಟರ್ ರೋಗಿಗಳಿಗೆ ದಾಟಲಾರದ ದೂರವಾಯಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ವಿಮಾನಕ್ಕಾದರೂ ಸುತ್ತಿ ಹೋಗಲು ಧ್ರುವವೊಂದಿತ್ತು.

ಇನ್ನು ಗಡಿಯಾರದ ಮಾತು. ಚಳಿಗಾಲದಲ್ಲಿ ಟೋಕಿಯೋ ಹೆಲ್ಸಿಂಕಿಗಿಂತ 7 ಗಂಟೆ ಮುಂದಿರುತ್ತದೆ. ಸಂಜೆ 6ಕ್ಕೆ ಹೊರಟವರು ಹಿಂದಿನ ದಾರಿಯಲ್ಲಾದರೆ ಮರುದಿನ ಬೆಳಿಗ್ಗೆ ಹತ್ತೂವರೆಗೆ ಅಲ್ಲಿರುತ್ತಿದ್ದರು. ಸುತ್ತುದಾರಿಯಲ್ಲಿ ಮಧ್ಯಾಹ್ನದ 2 ಗಂಟೆ. ಧ್ರುವವನ್ನು ದಾಟಿದ ಪ್ರಯಾಣಿಕರಿಗೆ ವಿಮಾನ ಸಂಸ್ಥೆಯು ಒಂದು ಪ್ರಮಾಣಪತ್ರವನ್ನು ಕೊಡಲಾರಂಭಿಸಿತು.