ಖಾಯಂ ವಿಳಾಸ

ಮೂರು ತಿಂಗಳಿಂದ ನನ್ನ ಬಿಡಾರವೆಲ್ಲ ಒಂದು ಹಳೆಯ ವ್ಯಾನಿನಲ್ಲಿ. ಸೀಟುಗಳನ್ನು ಕಿತ್ತು ಮಂಚ ಹಾಕಿಸಿದ್ದೇನೆ; ಮಂಚದಡಿ ಅಕ್ಕಿ, ಸ್ಟೌ, ನೀರಿನ ಕ್ಯಾನು. ಹಡಗಿನಲ್ಲಿ ಮೊಂಬಾಸಾಕ್ಕೆ ಸಾಗಿಸಿ ಆಫ್ರಿಕದ ಪೂರ್ವಭಾಗವನ್ನು ಸುತ್ತಬೇಕೆಂಬ ಹುಚ್ಚು. ಗಾಡಿಗೆ ಕಾರ್ನೆ ಎಂಬ ಸುಂಕದ ಪುಸ್ತಕ ಬೇಕು. ಹೊಕ್ಕ ದೇಶದಲ್ಲಿ ಅದನ್ನು ಮಾರದೆ ಹೊರತರುತ್ತೇನೆಂದು ಜಾಮೀನು ಕೊಡಬೇಕು. ಅದಕ್ಕೆ ಹಣ ಹೊಂದಿಸಿದೆ. ತೊಡಕಾದದ್ದು ಪಾಸ್‌ಪೋರ್ಟು.

ಅರ್ಜಿಯಲ್ಲಿ ವಾಸದ ವಿಳಾಸ ಕೇಳುತ್ತಾರೆ. ವಿಚಾರಣೆಗೆ ಪೊಲೀಸರು ಅಲ್ಲಿಗೆ ಬರುತ್ತಾರೆ. ಗಾಡಿಯ ನಂಬರು ಬರೆಯಲಾದೀತೆ? ಗಿಡಮೂಲಿಕೆ ಮಾರಲು ಸುಡಾನಿಗೆ ಹೋಗಿ 2023ರ ಯುದ್ಧದಲ್ಲಿ ಸಿಕ್ಕಿಕೊಂಡ ಹಕ್ಕಿಪಿಕ್ಕಿಗಳಲ್ಲಿ ನಮ್ಮ ನೆರೆಯ ಚನ್ನಗಿರಿ ತಾಲ್ಲೂಕಿನವರೂ ಇದ್ದರು. ಅಲೆಮಾರಿಗಳೆಂದು ಹೆಸರಾದ ಅವರೂ ಮೊದಲು ಒಂದು ಊರು, ಒಂದು ಮನೆ ಬರೆದುಕೊಟ್ಟೇ ಹೊರಟವರು.

ಹೀಗೆ ಹೊರಕೆರೆದೇವಪುರಕ್ಕೆ ಬಂದೆ. ಲಕ್ಷ್ಮೀನರಸಿಂಹಸ್ವಾಮಿಯ ಗುಡಿಯ ಬಳಿ ನಿಲ್ಲಿಸಿದರೆ, "ಇನ್ನೊಂದು ತೇರು ಬಂತು" ಎಂದು ಹುಡುಗರು ನಕ್ಕರು.

ಅಣ್ಣನ ಮನೆಯ ಕದ ತಟ್ಟಲು ಕೈ ಹಿಂಜರಿಯಿತು. ಹೇಳಿಕೊಳ್ಳಲು ನಾಚಿಕೆ, ಪಟ್ಟು ಹಿಡಿದು ಈ ಮನೆಯ ನನ್ನ ಪಾಲನ್ನು ಹಣವಾಗಿ ಪಡೆದವನು ನಾನೇ. ಅದನ್ನು ಕೊಡಲು ಅಣ್ಣ ಅರ್ಧ ಅಡಿಕೆ ತೋಟ ಮಾರಿದ. ವ್ಯಾನು ಬಂದದ್ದು ಆ ಹಣದಿಂದ.

"ಬೀದಿ ತಿರುಗೋಕೂ ಮನೆ ಬೇಕೇನೋ?" ಎಂದ ಅಣ್ಣ, ತಲೆ ಎತ್ತದೆ.

ಅತ್ತಿಗೆ ಮಾತ್ರ, "ನೀನು ಇಲ್ಲೇ ಇದ್ದೀಯ ಅಂತ ಪೊಲೀಸರ ಮುಂದೆ ಸುಳ್ಳು ಹೇಳೋಕೆ ನಮ್ಮಿಂದ ಆಗೋದಿಲ್ಲಪ್ಪ. ಅದಕ್ಕೇ ಒಳಗೆ ಬಾ, ಇರು" ಎಂದರು.

ಅರ್ಜಿ ಹಾಕಿ ಹನ್ನೊಂದು ದಿನವಾಯಿತು. ನಡುಮನೆಯಲ್ಲಿ ಮಲಗುತ್ತೇನೆ. ವ್ಯಾನಿನಡಿ ನಾಯಿ ಮರಿ ಹಾಕಿದೆ. ಪೊಲೀಸರು ಇನ್ನೂ ಬಂದಿಲ್ಲ.