ಸೌಂಡ್ ಒಡೀತೈತೆ

ನಮ್ಮ ಲ್ಯಾಬಿನಲ್ಲಿ ಆಂಪ್ಲಿಫೈಯರ್ ಪ್ರಯೋಗ ಮಾಡುವಾಗ ಮೊದಲು ಹೇಳಿಕೊಡುವ ಶಿಸ್ತು ಒಂದೇ: ಔಟ್‌ಪುಟ್ ಕ್ಲಿಪ್ ಆಗಬಾರದು. ಸಿಆರ್‌ಓ ಪರದೆ ಮೇಲೆ ಸೈನ್ ವೇವಿನ ತಲೆ ಚಪ್ಪಟೆ ಆಯ್ತೋ, ಫಂಕ್ಷನ್ ಜನರೇಟರಿನ ನಾಬ್ ಹಿಂದಕ್ಕೆ ತಿರುಗಿಸಬೇಕು, ರೀಡಿಂಗ್ ಮತ್ತೆ ಬರೆದುಕೊಳ್ಳಬೇಕು. ನಮ್ಮ ಮನೆಯಲ್ಲೂ ಇದೇ ಕಾನೂನು. ಅಪ್ಪನದು ತಿಪಟೂರು ಕಡೆ ಮೈಕ್‌ಸೆಟ್ ಅಂಗಡಿ. ಮದುವೆ, ಊರಹಬ್ಬ, ಹರಿಕಥೆ, ಎಲೆಕ್ಷನ್ ಭಾಷಣ, ಎಲ್ಲದಕ್ಕೂ ಮೂವತ್ತು ವರ್ಷದಿಂದ ಹಾರ್ನ್ ಕಟ್ಟಿದ್ದಾರೆ. ಅವರ ವೃತ್ತಿಯಲ್ಲಿ ಮರ್ಯಾದೆ ಹೋಗೋದಕ್ಕೆ ಜನರ ಗುಂಪಿನಿಂದ ಯಾರೋ ಒಬ್ಬರು "ಸೌಂಡ್ ಒಡೀತೈತೆ" ಅಂದ್ರೆ ಸಾಕು.

ಇಂಥ ಮನೆಯಲ್ಲಿ ಬೆಳೆದವನು ಸೆಕೆಂಡ್ ಇಯರಿನಲ್ಲಿ ಗಿಟಾರ್ ಹಿಡಿದು, ಸೌಂಡನ್ನ ಬೇಕಂತಲೇ ಒಡೆಯೋ ಒಂದು ಆಂಪ್ಲಿಫೈಯರಿನ ಸರ್ಕ್ಯೂಟ್ ಹಿಡಿದುಕೊಂಡು ರಜೆಗೆ ಊರಿಗೆ ಹೋದ. ಅದರ ಹೆಸರು ಸೊಲ್ಡಾನೊ ಎಸ್‌ಎಲ್‌ಓ-100. ಸೂಪರ್ ಲೀಡ್ ಓವರ್‌ಡ್ರೈವ್, 100 ವ್ಯಾಟ್, ಪೂರ್ತಿ ವ್ಯಾಕ್ಯೂಮ್ ಟ್ಯೂಬ್. ಅಪ್ಪನ ತಲೆಮಾರಿನವರು ವಾಲ್ವ್ ಅಂತಾರಲ್ಲ, ಅದೇ. ಬೂಟೀಕ್ ಆಂಪ್ ಅಂತ ಕರೆಯೋದು ಇಂಥವನ್ನೇ: ದೊಡ್ಡ ಫ್ಯಾಕ್ಟರಿಯಲ್ಲಿ ಸಾವಿರಗಟ್ಟಲೆ ಮಾಡದೆ, ಸಣ್ಣ ವರ್ಕ್‌ಶಾಪಿನಲ್ಲಿ ಕೈಯಾರೆ ಜೋಡಿಸಿ ಮಾರೋದು. ಬೆಲೆ ಲಕ್ಷಗಳಲ್ಲಿ, ಹಾಗಾಗಿ ನನ್ನ ಹತ್ತಿರ ಇರೋದು ಸರ್ಕ್ಯೂಟ್ ಚಿತ್ರ ಮತ್ತು ಲ್ಯಾಪ್‌ಟಾಪ್ ಮಾತ್ರ.

ಗಿಟಾರ್ ಸೌಂಡ್ ಒಡೆಯೋ ಹುಚ್ಚು ಹಳೇದು. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ಬ್ಯಾಂಡಿನ ಡೇವ್ ಡೇವಿಸ್ ತನ್ನ ಆಂಪಿನ ಸ್ಪೀಕರ್ ಕೋನನ್ನ ಬ್ಲೇಡಿನಿಂದ ಸೀಳಿ ಒಂದು ಹಾಡಿಗೆ ಆ ಗೊರಗೊರ ತರಿಸಿದ. (ಇದನ್ನ ನಾನು ಅಪ್ಪನಿಗೆ ಹೇಳಿಲ್ಲ. ಸ್ಪೀಕರ್ ಕೋನಿಗೆ ಬ್ಲೇಡ್ ಹಾಕೋದು ಅಂದ್ರೆ ಅವರ ಪಾಲಿಗೆ ಗೋಹತ್ಯೆ.) ಆಮೇಲಿನವರು ಆಂಪಿನ ವಾಲ್ಯೂಮ್ ಪೂರ್ತಿ ಏರಿಸಿ ಪವರ್ ಟ್ಯೂಬುಗಳನ್ನೇ ಸುಸ್ತು ಮಾಡಿಸಿ ಸೌಂಡ್ ಒಡೆಸಿದರು. ತೊಂದರೆ ಏನಂದ್ರೆ, ಒಡೆಯಬೇಕು ಅಂದ್ರೆ ಕಿವಿ ಹರಿಯೋಷ್ಟು ಜೋರಾಗಿ ನುಡಿಸಲೇಬೇಕಿತ್ತು. ಅಮೆರಿಕದಲ್ಲಿ ಮೆಸಾ ಬೂಗಿಯ ರ‍್ಯಾಂಡಲ್ ಸ್ಮಿತ್ ಪ್ರಿಆಂಪಿನಲ್ಲೇ ಇನ್ನೊಂದು ಗೇನ್ ಸ್ಟೇಜ್ ಸೇರಿಸಿ, ಕೊನೆಗೊಂದು ಮಾಸ್ಟರ್ ವಾಲ್ಯೂಮ್ ಇಟ್ಟರು. ಒಡೆಯೋದು ಒಂದು ಕಡೆ, ಜೋರು ಮಾಡೋದು ಇನ್ನೊಂದು ಕಡೆ. 1987ರ ಹೊತ್ತಿಗೆ ಮೈಕ್ ಸೊಲ್ಡಾನೊ ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋದರು. ಅವರ ಆಂಪನ್ನ ಕೊಂಡವರಲ್ಲಿ ಎರಿಕ್ ಕ್ಲಾಪ್ಟನ್, ಮಾರ್ಕ್ ನಾಫ್ಲರ್ ಇದ್ದಾರೆ. ನಾಫ್ಲರ್ ಹೆಸರು ನೋಡಿ ನನಗೆ ಆಶ್ಚರ್ಯ ಆಯ್ತು, ಆ ಮನುಷ್ಯನ ಹೆಸರೇ ಶುದ್ಧ ಸೌಂಡಿಗೆ.

ಈಗ ಸರ್ಕ್ಯೂಟಿಗೆ ಬನ್ನಿ. 12ಎಎಕ್ಸ್7 ಟ್ರಯೋಡ್, ಮ್ಯೂ 100, ಪ್ಲೇಟ್ ರೆಸಿಸ್ಟೆನ್ಸ್ ಸುಮಾರು 62 ಕೆ. ಪ್ಲೇಟ್ ಲೋಡ್ 100 ಕೆ, ಕ್ಯಾಥೋಡಿನಲ್ಲಿ ಒಂದೂವರೆ ಕೆ ಆಸುಪಾಸು. ಯಾವ ಟ್ಯೂಬ್ ಆಂಪ್ ತೆಗೆದರೂ ಹೆಚ್ಚುಕಮ್ಮಿ ಇದೇ ಲೆಕ್ಕ. ಎಸ್‌ಎಲ್‌ಓದಲ್ಲಿ ಮೊದಲ ಎರಡು ಸ್ಟೇಜ್ ಸುಮಾರಾಗಿ ಹಾಗೇ ಇವೆ. ಮೂರನೇದಕ್ಕೆ ಬಂದ್ರೆ ಕ್ಯಾಥೋಡಿನಲ್ಲಿ 39 ಕೆ! ಬೈಪಾಸ್ ಕೆಪಾಸಿಟರೂ ಇಲ್ಲ. ಪ್ರಿಂಟಿಂಗ್ ಮಿಸ್ಟೇಕ್ ಅನ್ನಿಸೋ ಬೆಲೆ. ಕ್ಲಾಸಿನ ಫಾರ್ಮುಲಾ ಹಾಕಿ ನೋಡಿ: ಛೇದದಲ್ಲಿ 101 ಇಂಟು 39 ಕೆ ಬಂದು ಕೂರುತ್ತೆ, ಗೇನ್ ಎರಡೂವರೆ ಪಟ್ಟೂ ಬರಲ್ಲ. ಹೈ ಗೇನ್ ಅಂತ ಹೆಸರಾದ ಆಂಪಿನ ಹೊಟ್ಟೆಯೊಳಗೆ ಗೇನೇ ಇಲ್ಲದ ಒಂದು ಸ್ಟೇಜ್!

ಅದರ ಕೆಲಸ ಬೇರೆ. ಅಷ್ಟು ದೊಡ್ಡ ರೆಸಿಸ್ಟರ್ ಇಟ್ಟಾಗ ಟ್ಯೂಬಿನಲ್ಲಿ ಹರಿಯೋ ಕರೆಂಟ್ ಮಾಮೂಲಿನ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತೆ, ಟ್ಯೂಬ್ ಕಟ್‌ಆಫ್ ಅಂಚಿನಲ್ಲೇ ಕೂತಿರುತ್ತೆ. ಸಿಗ್ನಲ್ ಸ್ವಲ್ಪ ನೆಗೆಟಿವ್ ಕಡೆ ವಾಲಿದರೆ ಸಾಕು, ಟ್ಯೂಬ್ ಬಂದ್. ವೇವಿನ ಒಂದು ಮಗ್ಗುಲು ಮಾತ್ರ ಕತ್ತರಿಸಿ, ಇನ್ನೊಂದು ಮಗ್ಗುಲನ್ನ ಬಹುತೇಕ ಹಾಗೇ ಬಿಡುತ್ತೆ. ಮುಂದಿನ ಸ್ಟೇಜ್ ಉಳಿದ ಮಗ್ಗುಲನ್ನ ತನ್ನ ರೀತಿಯಲ್ಲಿ ಕತ್ತರಿಸುತ್ತೆ. ಎರಡೂ ಕಡೆ ಒಂದೇ ಸಮ ಕತ್ತರಿಸಿದ್ದರೆ ಬೆಸ ಹಾರ್ಮೋನಿಕ್ ಮಾತ್ರ ಹುಟ್ಟುತ್ತಿತ್ತು. ಇಲ್ಲಿ ಸರಿಸಂಖ್ಯೆಯವೂ ಹುಟ್ಟುತ್ತವೆ. ಮೆಸಾದವರ ಡ್ಯುಯಲ್ ರೆಕ್ಟಿಫೈಯರ್ ಸರ್ಕ್ಯೂಟ್ ಪಕ್ಕದಲ್ಲಿಟ್ಟು ನೋಡಿ, ಅಲ್ಲೂ ಇದೇ 39 ಕೆ ಸಿಗುತ್ತೆ. ಆಮೇಲಿನ ಅರ್ಧ ಮೆಟಲ್ ಸಂಗೀತ ಈ ಒಂದು ರೆಸಿಸ್ಟರ್ ಮೇಲೆ ನಿಂತಿದೆ ಅಂದ್ರೆ ಸ್ವಲ್ಪ ಉತ್ಪ್ರೇಕ್ಷೆ, ಆದರೆ ಸ್ವಲ್ಪವೇ.

ನಮ್ಮ ಫೆಸ್ಟಿನಲ್ಲಿ ಬ್ಯಾಂಡಿನವರು ಯಾಕೆ ಸದಾ ಎರಡೇ ಸ್ವರದ ಪವರ್ ಕಾರ್ಡ್ ಹಿಡೀತಾರೆ ಅಂತ ಕೇಳೋರಿಗೂ ಉತ್ತರ ಇಲ್ಲೇ ಇದೆ. 110 ಹರ್ಟ್ಸ್‌ನ ಎ, ಅದರ ಐದನೇ ಸ್ವರ 165ರ ಇ. ಎರಡನ್ನೂ ಒಟ್ಟಿಗೆ ಕ್ಲಿಪ್ ಮಾಡಿದರೆ ಇಂಟರ್‌ಮಾಡ್ಯುಲೇಷನ್ನಿಂದ ವ್ಯತ್ಯಾಸ 55, ಮೊತ್ತ 275 ಹುಟ್ಟುತ್ತವೆ. 55 ಅಂದ್ರೆ ಅದೇ ಎ, ಒಂದು ಆಕ್ಟೇವ್ ಕೆಳಗೆ; 275 ಅದರ ಐದು ಪಟ್ಟು. ನುಡಿಸದೇ ಇರೋ ಸ್ವರಗಳೂ ಸಂಸಾರದೊಳಗಿನವೇ. ಐದನೇ ಸ್ವರದ ಬದಲು ಮೂರನೇದು, ಅಂದ್ರೆ 138.6 ಹರ್ಟ್ಸ್ ಸೇರಿಸಿ. ವ್ಯತ್ಯಾಸ 28.6, ಯಾವುದಕ್ಕೂ ಕೂಡಲ್ಲ, ಬರೀ ಕೆಸರು. ಕಮ್ಯುನಿಕೇಷನ್ ಪೇಪರಿನಲ್ಲಿ ಇಂಟರ್‌ಮಾಡ್ಯುಲೇಷನ್ನನ್ನ ಬೈದು ಐದು ಮಾರ್ಕ್ಸ್ ತಗೋತೀವಲ್ಲ, ಇಲ್ಲಿ ಅದೇ ಬಂಡವಾಳ.

ಅಪ್ಪನ ವಿಷಯ. ಮೂವತ್ತು ವರ್ಷ ಹಾರ್ನ್ ಪಕ್ಕದಲ್ಲಿ ನಿಂತಿದ್ದಕ್ಕೆ ಹೋದ ವರ್ಷ ಆಡಿಯೋಗ್ರಾಂ ಬಿಲ್ ಕೊಟ್ಟಿತು. 4 ಕಿಲೋಹರ್ಟ್ಸ್ ಹತ್ತಿರ ಗ್ರಾಫ್ ಗುಂಡಿಗೆ ಬಿದ್ದಿದೆ, ಎರಡೂ ಕಿವಿ. ಅವತ್ತಿಂದ ಅವರು ಮಿಕ್ಸರ್ ಮುಟ್ಟೋದು ಬಿಟ್ಟರು. ಲೋಡ್ ಇಳಿಸೋದು, ವೈರ್ ಎಳೆಯೋದು ಮಾಡ್ತಾರೆ. ಮಿಕ್ಸರ್ ಹತ್ತಿರ ಹುಡುಗನ್ನ ಕೂರಿಸಿ ತಾವು ಜನರೇಟರ್ ಕಡೆ ಹೋಗಿ ನಿಲ್ತಾರೆ. ಅಂಗಡಿ ಮಾರೋ ಮಾತೂ ಮನೇಲಿ ಒಂದೆರಡು ಸಲ ಬಂದು ಹೋಯ್ತು.

ನಾನು ಮಾಡಿದ್ದು ಇಷ್ಟು. ಎಲ್‌ಟಿಸ್ಪೈಸಿಗೆ ನಾರ್ಮನ್ ಕೋರೆನ್ ಬರೆದ ಟ್ರಯೋಡ್ ಮಾಡೆಲ್ ಹಾಕಿ, ಪ್ರಿಆಂಪ್ ಕಟ್ಟಿ, ನನ್ನ ಗಿಟಾರಿನ ವೇವ್ ಫೈಲನ್ನೇ ಇನ್‌ಪುಟ್ ಕೊಟ್ಟೆ. (ಕೊಡಬಹುದು, ಗೊತ್ತಿಲ್ಲದವರು ಟ್ರೈ ಮಾಡಿ. ಹತ್ತು ಸೆಕೆಂಡಿನ ಸೌಂಡಿಗೆ ಒಂದು ಟೀ ಕುಡಿದು ಬರೋಷ್ಟು ಹೊತ್ತು ಬೇಕು.) ಎರಡು ಫೈಲ್ ತೆಗೆದೆ. ಒಂದರಲ್ಲಿ 39 ಕೆ, ಇನ್ನೊಂದರಲ್ಲಿ ಆ ಜಾಗಕ್ಕೆ ಒಂದೂವರೆ ಕೆ. ಯಾವುದು ಯಾವುದು ಅಂತ ಹೇಳದೆ ಅಪ್ಪನಿಗೆ ಹೆಡ್‌ಫೋನ್ ಕೊಟ್ಟೆ.

ಮೊದಲು "ಥೂ, ಇದೇನ್ಲಾ, ಕೋನ್ ಹೋಗಿರೋ ಡಬ್ಬ" ಅಂದ್ರು. ಎರಡನೇ ಸಲ ಕೇಳಿದರು. ಮೂರನೇ ಸಲ ಕಣ್ಣು ಮುಚ್ಚಿಕೊಂಡು ಕೇಳಿದರು.

"ಎರಡೂ ಒಡೆದೈತೆ. ಆದ್ರೆ ಮೊದಲ್ನೇದ್ರಾಗೆ ಸ್ವರ ಉಳ್ಕಂಡೈತೆ. ಎರಡ್ನೇದು ಒಡೆದಿಲ್ಲ ಕಣ್ಲಾ, ಹರ್ದು ಹೋಗೈತೆ. ಮೀಟಿದ ಮೇಲೆ ಒಂದು ಗಳಿಗೆ ಉಸಿರೇ ಕಟ್ತೈತೆ ನೋಡು."

ಒಂದೂವರೆ ಕೆ ಇಟ್ಟಾಗ ಆ ಸ್ಟೇಜಿನ ಗೇನ್ ಮೂವತ್ತರ ಹತ್ತಿರ ಹೋಗಿ, ಮುಂದಿನ ಟ್ಯೂಬಿನ ಗ್ರಿಡ್ಡಿಗೆ ಕರೆಂಟ್ ನುಗ್ಗಿ, ಕಪ್ಲಿಂಗ್ ಕೆಪಾಸಿಟರ್ ಚಾರ್ಜ್ ಆಗಿ, ಟ್ಯೂಬ್ ಒಂದು ಕ್ಷಣ ಪೂರ್ತಿ ಬಂದ್ ಆಗಿರುತ್ತೆ. ಬ್ಲಾಕಿಂಗ್ ಡಿಸ್ಟಾರ್ಷನ್ ಅಂತಾರೆ. ನನಗೆ ಗ್ರಾಫ್ ಜೂಮ್ ಮಾಡಿದಾಗ ಕಂಡಿದ್ದು ಅವರಿಗೆ ಕೇಳಿಸಿತು. ಗಿಟಾರ್ ಸ್ಪೀಕರ್ ಹೇಗಿದ್ದರೂ 5 ಕಿಲೋಹರ್ಟ್ಸ್ ಮೇಲೆ ಹೆಚ್ಚು ನುಡಿಯಲ್ಲ, ಅದರ ಸಂಸಾರ ಎಲ್ಲ ಕೆಳಗಡೆ. ಅಪ್ಪನಿಗೆ ಉಳಿದಿರೋ ಕಿವಿಯೂ ಅಲ್ಲೇ.

ಆಮೇಲೆ ಅವರೇ ಲ್ಯಾಪ್‌ಟಾಪ್ ಹತ್ರ ಎಳ್ಕೊಂಡು "ಬಾಸ್ ಎಲ್ಲಿ ಕಟ್ ಮಾಡವ್ನೆ ಆವಯ್ಯ?" ಅಂದ್ರು. ಸ್ಟೇಜುಗಳ ನಡುವೆ ಒಡೆಯೋ ಮುಂಚೇನೇ ಬಾಸ್ ಸೋಸೋ ಸಣ್ಣ ಕೆಪಾಸಿಟರುಗಳನ್ನ ತೋರಿಸಿದೆ. "ಹಾರ್ನಿಗೂ ನಾವು ಹಂಗೇ ಮಾಡದು. ಬಾಸ್ ಬಿಟ್ರೆ ದಾಸರ ಮಾತು ಒಂದೂ ತಿಳಿಯಾಕಿಲ್ಲ" ಅಂದ್ರು. ನೂರೇ ವ್ಯಾಟಾ ಅಂತ ನಕ್ಕರು. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 100 ಡೆಸಿಬಲ್ ಕೊಡೋ ಸ್ಪೀಕರಿಗೆ ನೂರು ವ್ಯಾಟ್ ಕೊಟ್ಟರೆ 120 ಆಗುತ್ತೆ ಅಂತ ಲೆಕ್ಕ ತೋರಿಸಿದ ಮೇಲೆ ನಗು ನಿಂತಿತು. "ಹಂಗಾದ್ರೆ ಐದು ವ್ಯಾಟಿಂದು ಮಾಡು. ನನ್ ಕಿವಿ ಹೋಗಿದ್ದು ಸಾಕು."

ಫೈನಲ್ ಇಯರ್ ಪ್ರಾಜೆಕ್ಟಿಗೆ ಐದು ವ್ಯಾಟಿನದೇ ಬರೆದು ಕೊಟ್ಟಿದ್ದೀನಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುತ್ತೋರು ಅರಸೀಕೆರೆಯಲ್ಲಿ ಒಬ್ಬರಿದ್ದಾರಂತೆ, ಅಪ್ಪ ಫೋನ್ ಮಾಡಿ ಕೋರ್ ಅಳತೆ ಕೇಳಿದ್ದಾರೆ. ಹೋದ ಭಾನುವಾರ ಫೋನಿನಲ್ಲಿ ಹೇಳಿದ್ದು ಇಷ್ಟೇ: ಸ್ವಿಚ್ ಆಫ್ ಮಾಡಿದ ಮೇಲೂ ಕಂಡೆನ್ಸರಿನಲ್ಲಿ ಮುನ್ನೂರು ನಾನೂರು ವೋಲ್ಟ್ ಕೂತಿರ್ತೈತೆ, ಡಿಸ್ಚಾರ್ಜ್ ಮಾಡಿ ಮೀಟರ್ ಹಿಡಿದು ನೋಡದೆ ಮುಟ್ಟಬ್ಯಾಡ, ಮುಟ್ಟೋವಾಗ ಎಡಗೈ ಜೇಬಿನಾಗೆ ಇರ್ಲಿ.